ಮಲಮಗಳ ಉಯಿಲು

"ಕಾನೂನಿನಲ್ಲಿ ನಿಮ್ಮನ್ನ ಮಗಳು ಅನ್ನೋಕಾಗಲ್ಲಮ್ಮ. ನೀವು ಅವರ ಹೆಂಡತಿಯ ಮೊದಲ ಮದುವೆಯ ಮಗು, ಅಂದ್ರೆ ಮಲಮಗಳು. ಉಯಿಲು ಬರೀದೆ ಹೋಗಿದ್ರೆ ಎಲ್ಲಾ ಅವರ ತಮ್ಮನಿಗೇ ಸೇರುತ್ತೆ," ಎಂದರು ವಕೀಲರು.

ಅಪ್ಪ ತೀರಿಹೋಗಿ ಮೂರು ವಾರವಾಗಿತ್ತು. ಆರು ವರ್ಷದವಳಿದ್ದಾಗ ಅಮ್ಮನ ಕೈಹಿಡಿದು ಅವನ ಪುಸ್ತಕ ಕಟ್ಟುವ ಅಂಗಡಿಗೆ ಬಂದವಳು ಅವಳು. ಎರಡೇ ವರ್ಷಕ್ಕೆ ಅಮ್ಮ ಕಣ್ಮುಚ್ಚಿದಳು. ಅಲ್ಲಿಂದಾಚೆ ಅವಳ ಜಡೆ ಹೆಣೆದದ್ದು, ಜ್ವರಕ್ಕೆ ಒದ್ದೆಬಟ್ಟೆ ಹಾಕಿದ್ದು, ಸೂಜಿಗೆ ದಾರ ಪೋಣಿಸಿ ಹಾಳೆ ಹೊಲಿಯಲು ಕಲಿಸಿದ್ದು ಎಲ್ಲ ಅವನೇ. ಕೊನೆಯ ನಾಲ್ಕು ವರ್ಷ, ಅವನ ಕೈ ನಡುಗತೊಡಗಿದ ಮೇಲೆ, ಅವಳು ಅವನಿಗೆ ತುತ್ತು ಮಾಡಿ ಬಾಯಿಗಿಟ್ಟಳು. ದೂರದ ಊರಿನ ಚಿಕ್ಕಪ್ಪ ಸಾವಿಗೂ ಬಂದಿರಲಿಲ್ಲ. ಅಂಗಡಿ ಕೈತಪ್ಪುವುದಕ್ಕಿಂತ ಹೆಚ್ಚಾಗಿ 'ಮಲಮಗಳು' ಎಂಬ ಆ ಪದವೇ ಅವಳ ಕರುಳಿಗೆ ಚುಚ್ಚಿತು.

ಉಯಿಲು ಇಲ್ಲದಿದ್ದರೆ ತಾನೇ ಬರೆದರಾಯಿತು. ಕಾಗದದ ವಯಸ್ಸು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹನ್ನೆರಡು ವರ್ಷದ ಹಿಂದೆ ಶಾಲೆಯೊಂದಕ್ಕೆ ಹಾಜರಿ ಪುಸ್ತಕ ಕಟ್ಟಿ ಮಿಕ್ಕ ಹಾಳೆಗಳು ಅಟ್ಟದಲ್ಲಿದ್ದವು. ತಾರೀಖನ್ನೂ ಆ ವರ್ಷದ್ದೇ ಹಾಕಿದಳು. ಅವನ ಅಕ್ಷರದ ಓರೆ, ಸಹಿಯ ಕೊನೆಯ ಸುಳಿ, ಎರಡನ್ನೂ ಒಂದು ವಾರ ತಿದ್ದಿ ತಿದ್ದಿ ಕಲಿತಳು. ಸಾಕ್ಷಿಗೆ ಪಕ್ಕದ ಕಾಗದದಂಗಡಿಯವನನ್ನೂ ಕರಡು ತಿದ್ದುತ್ತಿದ್ದ ಮೇಷ್ಟ್ರನ್ನೂ ಆರಿಸಿಕೊಂಡು ಅವರ ಸಹಿಗಳನ್ನೂ ತಾನೇ ಹಾಕಿದಳು. ಇಬ್ಬರೂ ಮಣ್ಣು ಸೇರಿದವರು, ಅಡ್ಡಮಾತಾಡುವಂತಿರಲಿಲ್ಲ.

ಒಂದೇ ಕಡೆ ಪೆನ್ನು ನಿಂತಿತು. 'ನನ್ನ ಮಗಳು' ಎಂದು ಬರೆಯಲು ಕೈ ಹಾತೊರೆಯಿತು. ಆದರೆ ಸಂಬಂಧ ತಪ್ಪಾದರೆ ಕೋರ್ಟು ಅನುಮಾನಪಡುತ್ತದೆ. ಅವನ ಬಾಯಲ್ಲಿ ಒಮ್ಮೆಯೂ ಬಾರದಿದ್ದ ಪದವನ್ನು ಅವನ ಅಕ್ಷರದಲ್ಲೇ ಬರೆದಳು: 'ನನ್ನ ಮಲಮಗಳು'. ಸಾವಿನ ದಿನವೂ ಒಣಗಿದ್ದ ಕಣ್ಣು ಆಗ ತುಂಬಿತು. ಹಾಳೆಯ ಮೇಲೆ ಹನಿ ಬೀಳದಂತೆ ಮುಖ ತಿರುಗಿಸಿದಳು.

ವಕೀಲರು ಉಯಿಲನ್ನು ಕೋರ್ಟಿಗೆ ಸಲ್ಲಿಸಿದರು. ಇದು ಅಪ್ಪನದೇ ಕೈಬರಹ ಎಂದು ಅವಳು ಪ್ರಮಾಣ ಮಾಡಿದಳು. ನೋಟಿಸು ತಲುಪಿ ಚಿಕ್ಕಪ್ಪ ಊರುಗೋಲೂರಿಕೊಂಡು ಕೋರ್ಟಿಗೆ ಬಂದ. ಅವಳು ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದಳು.

"ನಂಗ್ಯಾಕಮ್ಮಾ ನೋಟಿಸು? ಅಣ್ಣನದೆಲ್ಲ ನಿಂದೇ ಅಲ್ವಾ?" ಎನ್ನುತ್ತ ಅವನು ಮಡಿಸಿದ ಕಾಗದವೊಂದನ್ನು ನ್ಯಾಯಾಧೀಶರಿಗೆ ಕೊಟ್ಟ.

ಅದು ದತ್ತುಪತ್ರ. ಅವಳಿಗೆ ಏಳು ವರ್ಷವಿದ್ದಾಗ, ಅಮ್ಮನ ಒಪ್ಪಿಗೆಯಿಂದ ನೋಂದಣಿಯಾದದ್ದು. "ಸಾಕ್ಷಿ ನಾನೇ ಹಾಕಿದ್ದೆ ಸ್ವಾಮಿ. ಕಾಗದ ಬರೆಸಿಕೊಂಡು ಮಗಳಾದೆ ಅಂತ ಮಗೂಗೆ ಅನ್ನಿಸಬಾರದು ಅಂತ ಅಣ್ಣ ಇದನ್ನ ನನ್ನ ಹತ್ರವೇ ಇಟ್ಟಿದ್ದ." ಕಾನೂನಿನಲ್ಲೂ ಅವಳು ಮಗಳೇ ಆಗಿದ್ದಳು, ಉಯಿಲೇ ಬೇಕಿರಲಿಲ್ಲ. ನ್ಯಾಯಾಧೀಶರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಕನ್ನಡಕ ಸರಿಮಾಡಿಕೊಂಡರು. "ದತ್ತು ತಗೊಂಡು ಇಪ್ಪತ್ತು ವರ್ಷ ಆದ್ಮೇಲೆ ನಿಮ್ಮಪ್ಪ ನಿಮ್ಮನ್ನ ಮಲಮಗಳು ಅಂತ ಯಾಕೆ ಬರೆದ್ರು?" ಚಿಕ್ಕಪ್ಪನ ಮುಖ ಬಾಡಿತು. "ಅಣ್ಣ ಹಾಗೆ ಬರೆದ್ನಾ?" ಎಂದ, ತನಗೇ ಪೆಟ್ಟು ಬಿದ್ದವನಂತೆ. ಅವಳು ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇಲ್ಲ ಚಿಕ್ಕಪ್ಪ," ಎಂದಳು, "ಅಪ್ಪ ಬರೀಲಿಲ್ಲ."