ಗಾಳಿ ತಲುಪದ ಸೀಟು

ಶಿಕಾರಿಪುರದಲ್ಲಿ ಇಪ್ಪತ್ತು ವರ್ಷದಿಂದ ಕಾರುಗಳ ಏಸಿ ರಿಪೇರಿ ಮಾಡುತ್ತಿದ್ದೇನೆ. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ.

ಹೋದ ಏಪ್ರಿಲ್‌ನಲ್ಲಿ ಸೊರಬದ ರಾಜೇಶ್ವರಮ್ಮ ನಲವತ್ತು ವರ್ಷ ಹಳೆಯದೊಂದು ಕಾರು ತಂದರು. ಅದು ಅವರ ಗಂಡ ಮುದ್ದಿನಿಂದ ಇಟ್ಟುಕೊಂಡಿದ್ದ ಕಾರು. ಅವರು ತೀರಿಕೊಂಡ ಮೇಲೆ ಅಮ್ಮನೊಬ್ಬರೇ ಅದರಲ್ಲಿ ಓಡಾಡುತ್ತಿದ್ದರು.

“ಎಡಗಡೆ ಗಾಳಿ ಬರೋದೇ ಇಲ್ಲ ಕಣ್ರೀ. ಎರಡು ಗ್ಯಾರೇಜಲ್ಲಿ ತೋರಿಸ್ದೆ, ಎಲ್ಲ ಸರಿ ಇದೆ ಅಂತಾರೆ.”

ಬ್ಲೋವರ್ ಬಿಚ್ಚಿ ಧೂಳು ತೆಗೆದೆ, ಕೊಳವೆ ತೊಳೆದೆ. ಶೆಡ್ಡಿನಲ್ಲಿ ಎರಡೂ ಕಡೆ ಗಾಳಿ ಭರ್ರೆಂದು ಬಂತು. ಆದರೂ ಓಡಿಸಿ ನೋಡೋಣವೆಂದು ಅವರ ಜೊತೆ ಸೊರಬಕ್ಕೆ ಹೊರಟೆ. ಅವರು ಓಡಿಸಿದರು, ನಾನು ಹಿಂದೆ ಕೂತೆ. ಮುಂದಿನ ಎರಡೂ ಸೀಟಿನ ತಲೆಯ ಬಳಿ ಒಂದೊಂದು ಕಾಗದದ ಪಟ್ಟಿ ಅಂಟಿಸಿದ್ದೆ.

ಶಿರಾಳಕೊಪ್ಪ ದಾಟುವಾಗ ನೋಡುತ್ತೇನೆ, ಅವರ ಸೀಟಿನ ಪಟ್ಟಿ ಪಟಪಟ ಹಾರುತ್ತಿದೆ, ಪಕ್ಕದ ಖಾಲಿ ಸೀಟಿನದು ಅಲುಗುತ್ತಲೇ ಇಲ್ಲ. ಮುಂದಕ್ಕೆ ಬಗ್ಗಿ ಗಾಳಿಕಿಂಡಿಗೆ ಕೈ ಒಡ್ಡಿದೆ. ಅಲ್ಲಿ ಗಾಳಿ ಜೋರಾಗಿಯೇ ಇತ್ತು. ಕೈಯನ್ನು ಸೀಟಿನತ್ತ ತರುತ್ತಿದ್ದಂತೆ, ಒಂದು ಗೇಣಿನ ಆಚೆಗೆ ಗಾಳಿ ನಿಂತುಹೋಯಿತು.

“ನಿಮಗೂ ಬರ್ತಿಲ್ವಾ?” ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

“ಇಲ್ಲಮ್ಮ.”

ಅವರು ಪಕ್ಕದ ಖಾಲಿ ಸೀಟಿನತ್ತ ಒಮ್ಮೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, “ಹಂಗಾದ್ರೆ ರಿಪೇರಿ ಬೇಡ್ರೀ. ಇದ್ದ ಹಾಗೇ ಇರ್ಲಿ,” ಎಂದರು.

ಸೊರಬದ ಬಸ್ ನಿಲ್ದಾಣದ ಬಳಿ ಇಳಿದೆ. ಕಾಗದ ಕೀಳಲೆಂದು ಮುಂದಿನ ಬಾಗಿಲು ತೆಗೆದು ಆ ಸೀಟಿನ ಮೇಲೆ ಕೈಯೂರಿದೆ. ದಾರಿಯುದ್ದಕ್ಕೂ ಮೋಡವಿತ್ತು, ಏಸಿ ಒಂದು ಗಂಟೆಯಿಂದ ಓಡುತ್ತಿತ್ತು. ಸೀಟಿನ ರೆಕ್ಸಿನ್ ಮಾತ್ರ ಯಾರೋ ಕೂತಿದ್ದ ಹಾಗೆ ಬೆಚ್ಚಗಿತ್ತು.