ಮಾಳಿಗೆಯ ಬೂದು ಮಣ್ಣು

೧೯೮೬ರ ಜೂನ್ ೯, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಹಿರೋಳ್ಳಿಯ ಗುರುಶಾಂತಮ್ಮ ಆಳಂದ ಠಾಣೆಯ ಮೆಟ್ಟಿಲು ಹತ್ತುವಾಗಲೇ ಬೈಯುತ್ತ ಬಂದಳು.

"ವಾರದಾಗ ಎರಡು ಎಮ್ಮಿ ಸತ್ತಾವ್ರಿ ಸಾಹೇಬ್ರ. ಬಾಜೂ ಹೊಲದ ಚಂದ್ರಾಮಪ್ಪನೇ ಎಂಡ್ರಿನ್ ವಿಷ ಹಾಕ್ಯಾನ."

"ಹಾಕೋದು ನೋಡೀದೇನವ್ವ?" ಸಬ್ ಇನ್‌ಸ್ಪೆಕ್ಟರ್ ದೌಲತರಾಯರು ಕೇಳಿದರು.

"ನೋಡಿದ್ರ ಅವನ ಕೈ ಉಳೀತಿತ್ತೇನ್ರಿ? ಇನ್ನೊಂದು ಎಮ್ಮಿ ಉಳದದ, ಗಬ್ಬ ಅದ. ಅದೂ ಹೋದ್ರ ನಾ ಏನ್ ಮಾಡ್ಲಿ?"

ಐ.ಪಿ.ಸಿ. ೪೨೯ರಡಿ ಎಫ್.ಐ.ಆರ್. ಆಯಿತು. ಸತ್ತ ಎಮ್ಮೆಯ ಕರುಳಿನ ತುಂಡುಗಳು ಪ್ರಯೋಗಾಲಯಕ್ಕೆ ಹೋದವು. ಹನ್ನೊಂದು ದಿನದ ಮೇಲೆ ತಿರುಗಿ ಬಂದವು: ಅರಗಿನ ಮೊಹರು ಅಸ್ಪಷ್ಟ. ಹೊಸ ಮೊಹರು ಒತ್ತಿ ಕಳಿಸಿದರು. ಮತ್ತೆ ಬಂದವು: ಮೊಹರಿನ ಮಾದರಿ ಲಗತ್ತಿಸಿಲ್ಲ.

"ಲಾಡ್ಲೆಸಾಬ, ಮೂರನೇ ಸಲ ಬಂದ್ರ ನಿನಗೇ ಅರಗು ಹಚ್ಚಿ ಕಳಸ್ತೇನಿ," ಎಂದರು ದೌಲತರಾಯರು.

"ನನ್ನ ಸಂಗಡ ಮಾದರಿನೂ ಇಡ್ರಿ ಸರ್," ಎಂದ ಕಾನ್‌ಸ್ಟೇಬಲ್.

ಜುಲೈ ೧೮ಕ್ಕೆ ವರದಿ ಬಂತು. ಎಂಡ್ರಿನ್ ಇಲ್ಲ, ಪಾಷಾಣ ಅಂದರೆ ಆರ್ಸೆನಿಕ್ ಇದೆ, ಸೀಸವಿದೆ. ಐದು ಸಲ ಠಾಣೆಗೆ ಕರೆಸಿ ಕೂರಿಸಿದ್ದ ಚಂದ್ರಾಮಪ್ಪನನ್ನು ಕೈಬಿಡಬೇಕಾಯಿತು.

ಮರುದಿನ ಹಿರೋಳ್ಳಿಯಲ್ಲಿ ಸ್ಥಳ ಪಂಚನಾಮೆ. ಗುರುಶಾಂತಮ್ಮನ ಹೊಲದ ಬದುವಿನಲ್ಲಿ ಕರಿ ಮಣ್ಣಿನ ಮೇಲೆ ಬೂದು ಪದರ ಕೂತಿತ್ತು. ಆ ಬೂದು ಗೆರೆ ಹಿಡಿದು ಕಾಲುವೆಯ ಮೇಲಕ್ಕೆ ನಡೆದರೆ ಅದೇ ಊರಿನ ಜಗದೇವಪ್ಪನ ಹಿತ್ತಲು. ಅಲ್ಲಿ ಬೂದು ಮಣ್ಣಿನ ಗುಡ್ಡೆ, ಇಳಿಜಾರಾಗಿ ಇಟ್ಟ ಹಲಗೆ, ಹಲಗೆಯ ಮೇಲೆ ತೊಯ್ದ ಕಂಬಳಿ.

"ಏನಿದು?"

"ಮಾಳಗಿಗಿ ಹಾಕೋ ಮಣ್ರಿ," ಎಂದ ಜಗದೇವಪ್ಪ.

ಮಳೆಗಾಲಕ್ಕೆ ಮುಂಚೆ ಮನೆಯ ಚಾವಣಿಯಾದ ಮಾಳಿಗೆಯ ಮೇಲೆ ನುಣ್ಣನೆಯ ಮಣ್ಣು ಹರಡಿ ಸೋರುವುದನ್ನು ತಡೆಯುವುದು ಆ ಕಡೆಯ ರೂಢಿ. ದೌಲತರಾಯರು ಸುತ್ತ ನೋಡಿದರು. ಊರಿನ ಅರ್ಧ ಮಾಳಿಗೆಗಳು ಬೂದು ಬಣ್ಣಕ್ಕಿದ್ದವು. ಬೇವಿನ ಕೆಳಗೆ ಜಗದೇವಪ್ಪನ ಎತ್ತು. ಅದರ ಬಾಯಿಗೆ, ರಾಶಿ ಮಾಡುವಾಗ ಕಾಳು ತಿನ್ನದಂತೆ ಕಟ್ಟುವ ಹಗ್ಗದ ಕುಕ್ಕೆ.

"ಜುಲೈದಾಗ ಯಾರ ಕಣದಾಗ ರಾಶಿ ನಡದದ? ಎತ್ತಿನ ಬಾಯಿಗಿ ಕುಕ್ಕಿ ಯಾಕ?"

ಜಗದೇವಪ್ಪ ಎತ್ತಿನ ಹಗ್ಗ ಹಿಡಿದು ತನ್ನ ಕಡೆ ಎಳೆದುಕೊಂಡ.

"ಇಲ್ಲಿ ಮೇಯಬಾರದಂತ ನಿನಗ ಗೊತ್ತಿತ್ತು."

"ಗಣಿ ಕಡೆ ಆಡು ಸಾಯೋದು ನೋಡೇನ್ರಿ."

ದೂರದ ಚಿನ್ನದ ಗಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ಅವನು. ಗಣಿ ಮುಚ್ಚಿದ ಮೇಲೆ, ಕಾವಲಿಲ್ಲದ ಗುಡ್ಡೆಯಿಂದ, ಅದಿರು ಅರೆದು ಎಸೆದ ಪಾಷಾಣಭರಿತ ಪುಡಿಯನ್ನು ಒಂಬತ್ತು ಲಾರಿ ತರಿಸಿ, ಕಂಬಳಿಯ ಮೇಲೆ ತೊಳೆದು ಬಂಗಾರ ಹುಡುಕುತ್ತಿದ್ದ. ತೊಳೆದ ನೀರು ಕಾಲುವೆಗೆ. ತೊಳೆದ ಮಣ್ಣು ಕೇಳಿದವರಿಗೆಲ್ಲ ಪುಕ್ಕಟೆ.

ಲಾಡ್ಲೆಸಾಬ ಕೆಮ್ಮಿದ. "ಸರ್, ಠಾಣೆ ಮಾಳಗಿಗೂ ನಾನೇ ಎರಡು ಬಂಡಿ ತಂದು ಹಾಕಿಸೇನ್ರಿ. ಸೋರಾಕತ್ತದಂತ ನೀವೇ ಬೈದಿದ್ರಿ."

ದೌಲತರಾಯರು ಟೊಪ್ಪಿಗೆ ತೆಗೆದು ಹಣೆ ಒತ್ತಿಕೊಂಡರು.

ಸಂಜೆ ನಾಲ್ಕು ನಲವತ್ತಕ್ಕೆ ದಸ್ತಗಿರಿ. ಜಪ್ತಿಯಾದದ್ದು ಹಲಗೆ, ಕಂಬಳಿ, ಮಣ್ಣಿನ ಮಾದರಿ, ಕುಕ್ಕೆ, ಮತ್ತು ಒಂದು ಬೆಂಕಿಪೆಟ್ಟಿಗೆ. ಅದರೊಳಗೆ ಅರ್ಧ ಜೋಳದ ಕಾಳಿನಷ್ಟು ಬಂಗಾರ.

"ಇಷ್ಟಕ್ಕೇನಲೇ?"

"ದಿನಾ ಗೇಟಿನಾಗ ಬಾಯಿ ತೆಗಿಸಿ, ನಾಲಿಗಿ ಕೆಳಗ ನೋಡಿ ಬಿಡ್ತಿದ್ರು ಸಾಹೇಬ್ರ. ಇಪ್ಪತ್ತೆರಡು ವರ್ಷ ಬಂಗಾರ ತಗದೇನಿ. ಒಮ್ಮೆನೂ ಅಂಗೈಯಾಗ ಇಟ್ಕೊಂಡು ನೋಡಿಲ್ಲ."

ಠಾಣೆ ತಲುಪುವಾಗ ಮಳೆ. ಗಬ್ಬದ ಎಮ್ಮೆಯನ್ನು ದನದ ದವಾಖಾನೆಗೆ ತೋರಿಸಲು ಬಂದಿದ್ದ ಗುರುಶಾಂತಮ್ಮ ಅಂಗಳದಲ್ಲಿ ನಿಂತಿದ್ದಳು. ಠಾಣೆಯ ಮಾಳಿಗೆಯಿಂದ ಬೂದು ನೀರು ಧಾರೆಯಾಗಿ ಇಳಿಯುತ್ತಿತ್ತು. ಎಮ್ಮೆ ಅದಕ್ಕೆ ಬಾಯಿ ಚಾಚಿತು.

"ಎಳಿಯವ್ವಾ, ಕುಡೀಲಿಕ್ಕ ಬಿಡಬ್ಯಾಡ!" ದೌಲತರಾಯರು ಕೂಗಿದರು.

"ಹೊಲದಾಗೂ ಇದೇ, ಇಲ್ಲೂ ಇದೇ. ಎಲ್ಲಿಗಿ ಹೊಡಕೊಂಡು ಹೋಗ್ಲಿ?"

ದೌಲತರಾಯರು ಜಪ್ತಿ ಚೀಲದ ಮೊಹರನ್ನು ತಾವೇ ಮುರಿದು, ಕುಕ್ಕೆ ತೆಗೆದು, ಮಳೆಯಲ್ಲೇ ಎಮ್ಮೆಯ ಬಾಯಿಗೆ ಕಟ್ಟಿದರು.

"ಸರ್, ಮೊಹರು..." ಎಂದ ಲಾಡ್ಲೆಸಾಬ.

"ಬರಕೋ. ಜಪ್ತಿ ವಸ್ತು ನಂಬರ್ ನಾಲ್ಕು, ಬಳಕಿಯಾಗ ಅದ."