ಅಣ್ಣನ ತ್ರಿಕೋನ

ತುರ್ಕರು ಆಳುತ್ತಿದ್ದ ಗ್ರೀಕ್ ಪಟ್ಟಣ ಯಾನ್ನಿನಾದಲ್ಲಿ ನನ್ನಣ್ಣ, ಪಾದ್ರಿ ಪಾಖೋಮಿಯೋಸ್, ರೇಖಾಗಣಿತ ಕಲಿಸುತ್ತಿದ್ದ.

"ಗೆರೆ ಎಳೆದು ದೇವ್ರನ್ನ ಅಳೀತೀಯೇನೋ?" ಎಂದು ನಮ್ಮ ಬಿಷಪ್ಪರೇ ಶಪಿಸಿದರು. ಆ ಶಾಪ ಹೊತ್ತೇ ಅಣ್ಣ ಸತ್ತ. ಶಾಪಗ್ರಸ್ತರ ದೇಹ ಮಣ್ಣಾಗುವುದಿಲ್ಲ ಎನ್ನುತ್ತಾರೆ ನಮ್ಮಲ್ಲಿ.

ಮೂರು ವರ್ಷಕ್ಕೆ, ಪದ್ಧತಿಯಂತೆ ಎಲುಬುಗಳನ್ನು ದ್ರಾಕ್ಷಾರಸದಲ್ಲಿ ತೊಳೆಯಲು, ನಡುಹಗಲಲ್ಲೇ ಗೋರಿ ತೆರೆಸಿದೆ. ಅಣ್ಣ ಹಾಗೆಯೇ ಇದ್ದ. ಚಳಿ ಕೊರೆಯುವ ಮಣ್ಣಿನಲ್ಲೂ ಅವನ ಕೈ ಬೆಚ್ಚಗಿತ್ತು. ಶವಪೆಟ್ಟಿಗೆಯ ಮುಚ್ಚಳದ ಒಳಗೆ ಉಗುರಿನಿಂದ ಗೀರಿದ, ಮುಗಿಯದ ತ್ರಿಕೋನ, ಎರಡೇ ಗೆರೆ.

ಬಿಷಪ್ಪರ ಕಾಲಿಗೆ ಬಿದ್ದೆ. ಬಂದು ಕ್ಷಮೆಯ ಪ್ರಾರ್ಥನೆ ಓದಿದರು. ನಾನೂ ಗೋರಿಗೆ ಬಗ್ಗಿ ಗೋಗರೆದೆ: "ಸಾಕು ಬಿಡೋ ಅಣ್ಣಾ, ಮಿಕ್ಕಿದ್ದು ಇನ್ಯಾರಾದ್ರೂ ಮಾಡ್ಲಿ. ನೀನು ಮಣ್ಣಾಗೋ."

ಹೊಸ ಪೆಟ್ಟಿಗೆಯಲ್ಲಿಟ್ಟು ಮತ್ತೆ ಹೂಳಿದೆವು.

ಮೊನ್ನೆ ಮತ್ತೆ ಮೂರು ವರ್ಷ ತುಂಬಿತು. ತೆರೆಸಿದೆ. ಬರೀ ಎಲುಬುಗಳಿದ್ದವು. ಹೊಸ ಮುಚ್ಚಳದ ಒಳಗೆ ಮೂರನೆಯ ಗೆರೆ ಮಾತ್ರ ಇತ್ತು.